ಬಿರಿದ ಎರೆಯ ಮೇಲೆ ನಡೆಯುವಾಗ

ಚೆಲುವು ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಹಸಿರು. ಆಗುಂಬೆಯ ಮಳೆ, ಕೊಡಗಿನ ಮಂಜು, ಜೋಗದ ಧಾರೆ. ಶಾಲೆಯ ಪುಸ್ತಕದಿಂದ ಹಿಡಿದು ಗೋಡೆಯ ಕ್ಯಾಲೆಂಡರಿನವರೆಗೆ ನಮಗೆ ಪರಿಚಯವಾದ ನಿಸರ್ಗವೆಲ್ಲ ನೀರಿನಲ್ಲಿ ನೆನೆದ ನಿಸರ್ಗವೇ. ಹಾಗಿದ್ದ ಮೇಲೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ರೋಣ ಸೀಮೆಯವರು, ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನವರು, ಚೆಲುವನ್ನು ಕಾಣಲು ಎಲ್ಲಿಗೆ ಹೋಗಬೇಕು? ಬಸ್ಸು ಹತ್ತಿ ಪಶ್ಚಿಮಕ್ಕೆ ಹೋಗಬೇಕೆ? ಅಥವಾ ಹೊಲ ಮತ್ತೆ ಹಸಿರಾಗುವವರೆಗೆ ಕಣ್ಣು ಮುಚ್ಚಿ ಕುಳಿತಿರಬೇಕೆ?

ಯುಗಾದಿ ಕಳೆದ ಮೇಲೆ ಈ ಬಯಲಿನಲ್ಲಿ ಕಾಣುವುದಾದರೂ ಏನು? ಬಿಳಿಜೋಳ ಕೊಯ್ದಾಗಿದೆ, ಕಡಲೆ ಕಿತ್ತಾಗಿದೆ, ಕುಸುಬೆಯ ಮುಳ್ಳೂ ಕಣ ಸೇರಿಯಾಗಿದೆ. ಕಣ್ಣು ಹಾಯುವವರೆಗೆ ಕರಿಯ ಎರೆ, ಅದರ ಮೇಲೆ ಬಿಳಿಚಿದ ಆಕಾಶ, ನಡುವೆ ಅಲ್ಲೊಂದು ಇಲ್ಲೊಂದು ಬೇವು, ಜಾಲಿ, ಬನ್ನಿ. ಮಧ್ಯಾಹ್ನದ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇಂಥ ದಿನಗಳಲ್ಲಿ ಕೆಲಸವಿಲ್ಲದೆ ಹೊಲದ ಕಡೆ ನಡೆದವರನ್ನು ಕಂಡರೆ ಈ ಕಡೆಯ ಊರುಗಳಲ್ಲಿ ಬರುವ ಪ್ರಶ್ನೆ ಒಂದೇ: "ಯಾಕ್ರೀ ಯಜಮಾನ್ರ, ಏನರ ಕಳಕೊಂಡೀರೇನು?" ಕೇಳಿದವರಲ್ಲಿ ಕುಹಕವಿರುವುದಿಲ್ಲ. ಬಿಸಿಲಿನಲ್ಲಿ ನಡೆಯುವವರಿಗೆ ಒಂದು ಕಾರಣವಿರಲೇಬೇಕು ಎಂಬುದು ಬಿಸಿಲನ್ನು ಬಲ್ಲವರ ತಿಳಿವಳಿಕೆ. ನಾವು ಅದಕ್ಕೆ ನಕ್ಕು ಮುಂದೆ ಹೋಗುತ್ತೇವೆ. ಆದರೆ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಪ್ರಶ್ನೆ ನಮ್ಮದೇ ಆಗಿಬಿಟ್ಟಿರುತ್ತದೆ. ಬರಿದಾದ ನೆಲದ ಮೇಲೆ ನಡೆಯುವಾಗ ನಾವು ಹುಡುಕುವುದು ಏನನ್ನು?

ಕಾಳಿದಾಸನ ಹೆಸರಿನಲ್ಲಿ ನಮಗೆ ಬಂದಿರುವ 'ಋತುಸಂಹಾರ' ಆರಂಭವಾಗುವುದು ಗ್ರೀಷ್ಮದಿಂದ. ವಸಂತ ಬರುವುದು ಕಟ್ಟಕಡೆಗೆ. ಹೂವಿನಿಂದ ಶುರುಮಾಡುವುದು ಸುಲಭದ ದಾರಿಯಾಗಿತ್ತು. ಕವಿ ಹಾಗೆ ಮಾಡಲಿಲ್ಲ. ಏಕೆ ಎಂದು ಪಂಡಿತರು ಬೇರೆ ಬೇರೆ ಕಾರಣ ಹೇಳಿಯಾರು. ಎರೆಸೀಮೆಯಲ್ಲಿ ಬಾಳಿದವರಿಗೆ ಮಾತ್ರ ಆ ಕ್ರಮ ವಿಚಿತ್ರವೆನಿಸುವುದಿಲ್ಲ. ಮೈಮೇಲಿನ ಒಡವೆಯನ್ನೆಲ್ಲ ತೆಗೆದಿಟ್ಟ ಭೂಮಿಯನ್ನು ಮೊದಲು ನೋಡಿ, ಆಮೇಲೆ ಬೇಕಾದರೆ ಸಿಂಗಾರವನ್ನು ನೋಡಿ ಎನ್ನುವಂತಿದೆ ಅದು. ಮುಖದ ಗುರುತು ಹತ್ತುವುದು ಸಿಂಗಾರವಿಲ್ಲದಾಗಲೇ ಅಲ್ಲವೇ?

ಬೇಸಿಗೆ ತೆರೆದು ತೋರಿಸುವ ಕಾಲ. ಇದನ್ನು ಕಾಣಲು ರೋಣ ಮತ್ತು ಗಜೇಂದ್ರಗಡಗಳ ನಡುವಿನ ಸೂಡಿಗೆ ಹೋಗಬೇಕು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತು ಎಂಬ ನಾಡಿನ ರಾಜಧಾನಿಯಾಗಿದ್ದ, ಅಕ್ಕಾದೇವಿ ಆಳಿದ ಊರು ಅದು. ಅಲ್ಲಿಯ ನಾಗಕುಂಡ ನೀರು ತುಂಬಿದ್ದಾಗ ಒಂದು ಹೊಂಡ, ಅಷ್ಟೇ. ನೀರು ಕೆಳಗಿಳಿದಂತೆ ಒಂದೊಂದೇ ಮೆಟ್ಟಿಲು ಮೇಲೆ ಬರುತ್ತದೆ, ಗೋಡೆಯ ಕೆತ್ತನೆ ಕಾಣತೊಡಗುತ್ತದೆ. ಲಕ್ಕುಂಡಿಯ ಮುಸುಕಿನ ಬಾವಿಯದೂ ಇದೇ ಕಥೆ. ಸಾವಿರ ವರ್ಷದ ಹಿಂದೆ ಕಲ್ಲು ಕಡಿದವರು ತಮ್ಮ ಕೆಲಸದ ಬಹುಪಾಲನ್ನು ನೀರಿನಡಿಯಲ್ಲಿ ಇಟ್ಟುಹೋದರು. ನೀರು ಕಡಿಮೆಯಾದ ದಿನಗಳಲ್ಲಿ ಮಾತ್ರ, ಕೊಡ ಹಿಡಿದು ಅಷ್ಟು ಕೆಳಗೆ ಇಳಿಯಲೇಬೇಕಾದವರಿಗೆ ಮಾತ್ರ, ಅದು ಪೂರ್ತಿ ಕಾಣಬೇಕು. ಕೊರತೆಯ ದಿನ ಇಳಿದು ಬರುವವರಿಗಾಗಿ ಇಷ್ಟು ಅಂದವನ್ನು ಕಾದಿಟ್ಟವರ ಮನಸ್ಸು ಎಂಥದಿರಬಹುದು? ನೀರು ತರುವ ಕಷ್ಟವನ್ನು ಅವರು ಕಡಿಮೆ ಮಾಡಲಾರದೆ ಹೋಗಿರಬಹುದು. ಆ ಕಷ್ಟದ ದಾರಿಯನ್ನು ಕುರೂಪವಾಗಿ ಬಿಡಲಿಲ್ಲ.

ಹೊಳೆಯೂ ಹಾಗೆಯೇ. ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕಿ, ಈ ಬಯಲನ್ನು ದಾಟಿ ಪಟ್ಟದಕಲ್ಲು, ಐಹೊಳೆಗಳನ್ನು ಸವರಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ಮಲಪ್ರಭೆ, ಮಳೆಗಾಲದಲ್ಲಿ ಒಂದು ಕೆಂಪು ಮೈ, ಏನನ್ನೂ ಹೇಳುವುದಿಲ್ಲ. ಏಪ್ರಿಲ್‌ನಲ್ಲಿ ಪಾತ್ರಕ್ಕೆ ಇಳಿದು ನಡೆದರೆ ಹೊಳೆ ತನ್ನ ಚರಿತ್ರೆಯನ್ನು ಬಿಚ್ಚಿ ಹರಡಿಕೊಂಡಿರುತ್ತದೆ. ಎಲ್ಲಿ ಸುಳಿ ತಿರುಗಿತ್ತು, ಎಲ್ಲಿ ಮರಳು ತಂದು ಹಾಕಿತು, ಯಾವ ಬಂಡೆಯನ್ನು ಎಷ್ಟು ಕಾಲ ಸವೆಸಿತು, ಎಲ್ಲಿ ಮನುಷ್ಯರು ಮರಳು ತೆಗೆದು ಗುಂಡಿ ಬಿಟ್ಟರು, ಎಲ್ಲಿ ಬಳ್ಳಾರಿ ಜಾಲಿ ಒಳಗೆ ನುಗ್ಗಿ ಪಾತ್ರವನ್ನು ಇಕ್ಕಟ್ಟು ಮಾಡಿತು, ಎಲ್ಲವೂ ಕಾಣುತ್ತದೆ. ಅಲ್ಲಲ್ಲಿ ಉಳಿದ ಮಡುವಿನ ಮೇಲೆ ಮಿಂಚುಳ್ಳಿ ಒಂದು ಗಳಿಗೆ ನಿಂತು ಕೆಳಗೆ ಬೀಳುತ್ತದೆ. ಹಿಂದೆ ಹೆಣ್ಣುಮಕ್ಕಳು ಮರಳಿನಲ್ಲಿ ವರತಿ ತೋಡಿ, ಬಟ್ಟಲಿನಿಂದ ಮೊಗೆದು ಕೊಡ ತುಂಬುತ್ತಿದ್ದರು. ಬತ್ತಿತೆಂದು ನಾವು ಕೈಬಿಟ್ಟ ಹೊಳೆ ಒಂದು ಮೊಳ ಕೆಳಗೆ ಹರಿಯುತ್ತಲೇ ಇತ್ತು. ಹರಿವು ಕಾಣದಿದ್ದರೆ ಹರಿವೇ ಇಲ್ಲ ಎನ್ನುವ ನಮ್ಮ ಆತುರದ ತೀರ್ಪುಗಳು ಎಷ್ಟಿವೆ! ಮಾತು ಕಡಿಮೆಯಾದ ತಂದೆಯ ಬಗ್ಗೆ, ಪತ್ರ ಬರೆಯದ ಗೆಳೆಯನ ಬಗ್ಗೆ, ಗುಡಿಗೆ ಹೋಗದ ಮಗನ ಬಗ್ಗೆ.

ಅಂದಹಾಗೆ, ಬೇಸಿಗೆಯ ಹೊಳೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಕಾವ್ಯದ ಉತ್ತರವಷ್ಟೇ ಸಾಲದು. ಸ್ವಲ್ಪ ಹೊಳೆ ಕಾಲುವೆಯಲ್ಲಿದೆ, ಸ್ವಲ್ಪ ಹುಬ್ಬಳ್ಳಿ-ಧಾರವಾಡದ ನಲ್ಲಿಗಳಲ್ಲಿದೆ. ಈ ನೀರಿನ ಕರದ ವಿಚಾರಕ್ಕೆ 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಎದ್ದು ನಿಂತದ್ದು ನಾಡಿನ ರಾಜಕೀಯವನ್ನೇ ಬದಲಿಸಿತು. ಒಣಗಿದ ಪಾತ್ರದಲ್ಲಿ ನಡೆಯುವವನು ಇದನ್ನೂ ನೆನೆಯದಿದ್ದರೆ ಅವನು ನೋಡಿದ ಚೆಲುವು ಅರ್ಧದ್ದೇ.

ಇನ್ನು ನೆಲ. ಬೇಸಿಗೆಯ ಎರೆಹೊಲದ ಬಿರುಕುಗಳನ್ನು ನಾವು ಬರಗಾಲದ ಚಿತ್ರವಾಗಿ ಮಾತ್ರ ನೋಡಲು ಕಲಿತಿದ್ದೇವೆ. ಪತ್ರಿಕೆಯಲ್ಲಿ ಬರದ ಸುದ್ದಿ ಬಂದರೆ ಪಕ್ಕದಲ್ಲಿ ಬಿರಿದ ನೆಲ, ಅದರ ಮೇಲೆ ತಲೆಗೆ ಕೈಹೊತ್ತ ರೈತ. ಆದರೆ ಎರೆಯ ಮಟ್ಟಿಗೆ ಬಿರಿಯುವುದು ರೋಗವೇ? ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜೇಡಿ ಈ ಮಣ್ಣಿನ ಜೀವ. ಕುಗ್ಗಿದಾಗ ಕೈ ತೂರುವಷ್ಟು ಅಗಲ, ಎರಡು ಮೊಳ ಆಳದ ಬಾಯಿಗಳು ತೆರೆಯುತ್ತವೆ. ಗಾಳಿಗೆ, ದನದ ಗೊರಸಿಗೆ, ಮೇಲಿನ ಪುಡಿಮಣ್ಣು, ಒಣಗಿದ ಎಲೆ, ಕಸಕಡ್ಡಿ ಆ ಬಾಯೊಳಗೆ ಬೀಳುತ್ತವೆ. ಮೊದಲ ಮಳೆಯ ನೀರು ಮೇಲೆ ಹರಿದುಹೋಗದೆ ಅದೇ ಬಿರುಕಿನಿಂದ ನೇರ ಒಳಗಿಳಿಯುತ್ತದೆ. ಮಣ್ಣು ಉಬ್ಬಿ, ಕೆಳಗಿನದು ಒತ್ತಿಕೊಂಡು ಮೇಲಕ್ಕೆ ಬರುತ್ತದೆ. ಎತ್ತಿಲ್ಲದೆ, ರಂಟೆಯಿಲ್ಲದೆ, ಟ್ರ್ಯಾಕ್ಟರಿಲ್ಲದೆ ಭೂಮಿ ತನ್ನನ್ನು ತಾನೇ ಉತ್ತುಕೊಳ್ಳುವ ಬಗೆ ಇದು. ಹೊಲ ಖಾಲಿ ಇದೆ ಎಂದು ನಾವು ಹೇಳುವ ಆ ಎರಡು ಮೂರು ತಿಂಗಳು ಹೊಲಕ್ಕೆ ಅತಿ ದೊಡ್ಡ ಕೆಲಸದ ತಿಂಗಳುಗಳು.

ಇದನ್ನು ತಿಳಿದು ನಡೆದರೆ ಬಿರುಕು ಬೇರೆಯೇ ಆಗಿ ಕಾಣುತ್ತದೆ. ಬೆಳಗಿನ ಓರೆಬಿಸಿಲಿನಲ್ಲಿ ಒಂದೊಂದು ಬಿರುಕಿಗೂ ಒಂದು ನೆರಳು. ಹೊಲದ ಉದ್ದಕ್ಕೂ ಯಾರೋ ಬರೆದಂತೆ ಗೆರೆಗಳು. ಒಂದು ಹೊಲದ ಗೆರೆ ಇನ್ನೊಂದರಂತಿಲ್ಲ. ಆದರೆ ಆ ಗೆರೆಗಳ ಅಂದಕ್ಕಿಂತ ನಮ್ಮನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಯೋಚನೆ. ನಮ್ಮ ಬದುಕಿನಲ್ಲೂ ಏನೂ ಬೆಳೆಯದ ಕಾಲಗಳು ಬರುತ್ತವೆ. ನಿವೃತ್ತಿಯ ಮೊದಲ ವರ್ಷ, ಸಾವು ಕಂಡ ಮನೆಯ ಮುಂದಿನ ಆರು ತಿಂಗಳು, ಕೆಲಸ ಸಿಗದ ತರುಣನ ದಿನಗಳು. ಹೊರಗಿನವರಿಗೆ ಕಾಣುವುದು ಬಿರುಕು ಮಾತ್ರ. ಒಳಗೆ ಮೇಲಿನದು ಕೆಳಗೆ ಹೋಗಿ ಕೆಳಗಿನದು ಮೇಲೆ ಬರುತ್ತಿದೆಯೋ ಏನೋ, ಯಾರು ಬಲ್ಲರು? ಎಲ್ಲ ಬಿರುಕೂ ಹೀಗೆ ಫಲಿಸುತ್ತದೆ ಎಂದು ಹೇಳುವ ಧೈರ್ಯ ನಮಗಿಲ್ಲ. ಮಳೆ ಬಾರದ ವರ್ಷಗಳನ್ನೂ ಈ ಸೀಮೆ ಸಾಕಷ್ಟು ಕಂಡಿದೆ. ಆದರೆ ಬರಿದಾಗಿರುವುದನ್ನೆಲ್ಲ ವ್ಯರ್ಥವೆಂದು ಕರೆಯುವ ಮೊದಲು ಒಂದು ಮಳೆಗಾಲವಾದರೂ ಕಾಯಬೇಕು ಎಂಬಷ್ಟು ಪಾಠವನ್ನು ಎರೆ ಕಲಿಸೀತು.

ಹೊಲದ ಬದುವಿನ ಬೇವು ಇನ್ನೂ ಸೋಜಿಗದ್ದು. ಎಲ್ಲರೂ ನೆರಳು ಹುಡುಕುವ ಹೊತ್ತಿಗೆ ಅದು ಹೊಸ ಚಿಗುರು ಹೊತ್ತು, ಚೈತ್ರದಲ್ಲಿ ಹೂ ಬಿಡುತ್ತದೆ. ಹೊಂಗೆಯೂ ಹಾಗೆ, ಅದರ ಕೆಳಗಿನ ನೆಲ ಚುರಮರಿ ಚೆಲ್ಲಿದಂತೆ ಉದುರಿದ ಹೂವಿನಿಂದ ಬೆಳ್ಳಗಾಗಿರುತ್ತದೆ. ಮಳೆ ಬಂದ ಮೇಲೆ ಚಿಗುರುವುದು ಗರಿಕೆಗೂ ಗೊತ್ತು. ಮಳೆಯ ಸುಳಿವೇ ಇಲ್ಲದಾಗ, ತನ್ನ ಬೇರು ಹಿಂದೆಂದೋ ಆಳದಲ್ಲಿ ಮುಟ್ಟಿದ ತೇವವನ್ನೇ ನಂಬಿ ಚಿಗುರುವುದಿದೆಯಲ್ಲ, ಅದಕ್ಕೆ ಏನೆನ್ನಬೇಕು? ನಮ್ಮ ಹಿರಿಯರು ವರ್ಷದ ಮೊದಲ ದಿನ ಈ ಹೂವನ್ನೇ ಆರಿಸಿಕೊಂಡರು. ಉತ್ತರ ಕರ್ನಾಟಕದ ಮನೆಗಳಲ್ಲಿ ಯುಗಾದಿಗೆ ಬೇವಿನ ಹೂ, ಬೆಲ್ಲ, ಪುಟಾಣಿ ಹಾಕಿ ಕದಡಿದ ನೀರನ್ನು 'ಬೇವು' ಎಂದೇ ಕರೆದು ಕುಡಿಯುತ್ತಾರೆ. ಸಿಹಿ-ಕಹಿಯ ಮಾತು ಎಷ್ಟೋ ಸಲ ಕೇಳಿ ಸವೆದಿದೆ. ಬಿಸಿಲಿಗೆ ಅಂಜದೆ ಅರಳಿದ ಹೂವನ್ನು ಒಳಗೆ ತೆಗೆದುಕೊಂಡು ಬಿಸಿಲುಗಾಲವನ್ನು ಎದುರುಗೊಳ್ಳುವುದು ಎಂಬ ಅರ್ಥವೂ ಅದರಲ್ಲಿರಬಾರದೇಕೆ?

ನಡೆಯುವ ನಮ್ಮನ್ನು ಕಂಡು ಬಯಲಿನಲ್ಲಿ ಮೊದಲು ಕೂಗುವುದು ಟಿಟ್ಟಿಭ. ಅದರ ಗೂಡೆಂದರೆ ಬಟಾಬಯಲಿನ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಕಲ್ಲು. ಮಣ್ಣಿನ ಬಣ್ಣದ ಮೊಟ್ಟೆಗಳು ಕಾಲಡಿಗೆ ಬಂದರೂ ಕಣ್ಣಿಗೆ ಬೀಳುವುದಿಲ್ಲ. ನೆಲ ಕಾದ ಹೆಂಚಾದಾಗ ಈ ಹಕ್ಕಿ ನೀರಿದ್ದಲ್ಲಿ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂಡುತ್ತದೆ. ಉಳಿದ ಹಕ್ಕಿಗಳು ಕಾವು ಕೊಟ್ಟು ಮರಿ ಮಾಡಿದರೆ ಇದು ತಂಪು ಕೊಟ್ಟೂ ಮಾಡುತ್ತದೆ. ಸಮುದ್ರವನ್ನೇ ಎದುರುಹಾಕಿಕೊಂಡ ಪಂಚತಂತ್ರದ ಟಿಟ್ಟಿಭ ದಂಪತಿಗಳ ಕಥೆ ನಮಗೆ ಗೊತ್ತು; ಪಂಚತಂತ್ರವನ್ನು 11ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ದುರ್ಗಸಿಂಹ ಇದೇ ಕಿಸುಕಾಡುನಾಡಿನವನು ಎಂಬುದನ್ನು ನಾವು ಮರೆತಿರುತ್ತೇವೆ. ಅವನೂ ಈ ಕೂಗನ್ನು ಕೇಳಿಯೇ ನಡೆದಿರಬೇಕು. ಹಿಮಾಲಯದಾಚೆಯಿಂದ ಗದಗ ಸೀಮೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ನಾವು ಚಳಿಗಾಲದಲ್ಲಿ ಕ್ಯಾಮೆರಾ ಹಿಡಿದು ಹೋಗುತ್ತೇವೆ. 2024ರಲ್ಲಿ ಆ ಕೆರೆ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು, ಸಂತೋಷ. ಬಿಸಿಲು ಏರುವ ಹೊತ್ತಿಗೆ ಆ ಅತಿಥಿಗಳು ಹೊರಟುಹೋಗುತ್ತವೆ. ಉಳಿಯುವ ಟಿಟ್ಟಿಭವನ್ನು ನೋಡಲು ಯಾರೂ ಬರುವುದಿಲ್ಲ.

ಮಧ್ಯಾಹ್ನದ ಬಗ್ಗೆಯೂ ಒಂದು ಮಾತು. ನಡುಹಗಲಿನ ಬಿಸಿಲನ್ನು ನಾವು ಬೈಯುತ್ತೇವೆ. ನಮ್ಮ ಸಂಗೀತ ಅದಕ್ಕೊಂದು ರಾಗದ ಕುಟುಂಬವನ್ನೇ ಕೊಟ್ಟಿದೆ. ಸಾರಂಗದ ಪ್ರಕಾರಗಳೆಲ್ಲ ಮಧ್ಯಾಹ್ನದವು. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಗುರುವನ್ನು ಹುಡುಕಿ ಮನೆಬಿಟ್ಟು ಊರೂರು ಅಲೆದವರು. ಕಡೆಗೆ ಗುರು ಸಿಕ್ಕಿದ್ದು ಕುಂದಗೋಳದಲ್ಲಿ, ಇದೇ ಬಯಲಿನ ಇನ್ನೊಂದು ಅಂಚಿನಲ್ಲಿ. ಅವರ ದನಿಯ ಆ ಹರವು, ಎಲ್ಲಿಯೂ ಗೋಡೆ ಕಾಣದ ಆ ತಾನಗಳು ಈ ಬಯಲಿನಿಂದ ಬಂದವು ಎಂದು ಸಾಧಿಸಲು ಹೊರಟರೆ ಅದು ಹುಚ್ಚಾದೀತು. ಆದರೆ ಮಧ್ಯಾಹ್ನ ಎರಡರ ಹೊತ್ತಿಗೆ ಬೇವಿನ ಕೆಳಗೆ ಕುಳಿತು, ಬಯಲಿನ ಮೇಲೆ ಗಾಳಿ ನಡುಗುವುದನ್ನು ನೋಡುತ್ತ ಬೃಂದಾವನಿ ಸಾರಂಗವನ್ನು ನೆನಪಿಸಿಕೊಂಡವರಿಗೆ ಆ ಹುಚ್ಚು ಸ್ವಲ್ಪ ಹಿಡಿಯುತ್ತದೆ.

ಹೀಗೆಲ್ಲ ಹೇಳುತ್ತ ಹೋಗುವಾಗ ಒಂದು ಮುಜುಗರವೂ ಜೊತೆಗೇ ಬರುತ್ತದೆ. ಮನೆಯಲ್ಲಿ ತಣ್ಣನೆಯ ಮಜ್ಜಿಗೆ ಕಾಯುತ್ತಿರುವವನಿಗೆ ಬಿಸಿಲು ಚೆಂದ. ಉದ್ಯೋಗ ಖಾತ್ರಿಯ ಕೆಲಸಕ್ಕೆ ಸೂರ್ಯ ಏಳುವ ಮೊದಲೇ ಬುತ್ತಿ ಕಟ್ಟಿಕೊಂಡು ಹೋಗಿ ಬದು ಹಾಕುವ, ಕೆರೆಯ ಹೂಳೆತ್ತುವ ಹೆಣ್ಣುಮಗಳ ಮುಂದೆ ನಿಂತು "ನೋಡವ್ವಾ, ಎಷ್ಟು ಚೆಂದ ಐತಿ" ಎಂದು ಹೇಳಲು ನಾಲಗೆ ಏಳುತ್ತದೆಯೇ? ಅವಳ ಗುದ್ದಲಿಗೆ ಆ ಎರೆ ಕಲ್ಲಿನಂತೆ ಗಟ್ಟಿ. ಹಾಗೆಂದು, ಚೆಲುವು ಉಳ್ಳವರ ಸೊತ್ತು, ದುಡಿಯುವವರಿಗೆ ಅದು ಕಾಣುವುದಿಲ್ಲ ಎಂದು ನಾವೇ ಅವಳ ಪರವಾಗಿ ತೀರ್ಮಾನಿಸುವುದು ಇನ್ನೊಂದು ಬಗೆಯ ಅಹಂಕಾರ. ಊಟದ ಹೊತ್ತಿಗೆ ಯಾವ ಮರದ ನೆರಳು ಎಷ್ಟು ದಟ್ಟ, ಯಾವುದರ ಕೆಳಗೆ ಗಾಳಿ ಆಡುತ್ತದೆ, ಯಾವ ಹುಣಸೆಯ ಹುಳಿ ಹದವಾಗಿದೆ ಎಂದು ಅವಳಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಜಾಲಿಯ ಹಳದಿ ಹೂ ಬಿಟ್ಟದ್ದನ್ನು ನಾವು ಕಾಣುವ ಮೊದಲು ಅವಳು ಕಂಡಿರುತ್ತಾಳೆ. ಅದನ್ನು ನಿಂತು ವರ್ಣಿಸುವ ಬಿಡುವು ನಮಗಿದೆ, ಅವಳಿಗಿಲ್ಲ. ನಮಗೂ ಅವಳಿಗೂ ಇರುವ ಅಂತರ ಆ ಬಿಡುವಿನದು ಎಂದು ಒಪ್ಪಿಕೊಂಡರೆ ನಮ್ಮ ಮಾತಿನ ದನಿ ತಾನಾಗಿಯೇ ತಗ್ಗುತ್ತದೆ.

ಹೊಳೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2009ರಲ್ಲಿ ಮತ್ತು 2019ರಲ್ಲಿ ಇದೇ ಮಲಪ್ರಭೆ ದಂಡೆ ಮೀರಿ ಹೊಳೆಮಣ್ಣೂರ, ಮೆಣಸಗಿ, ಗಾಡಗೋಳಿಯಂಥ ಊರುಗಳೊಳಗೆ ಬಂದಿತ್ತು. ದಕ್ಷಿಣದಿಂದ ಬರುವ ಬೆಣ್ಣಿಹಳ್ಳವೂ ತನ್ನ ಪಾಲನ್ನು ಸೇರಿಸುತ್ತದೆ. ಮಳೆ ಇಲ್ಲದಾಗ ಹಳ್ಳ, ಮಳೆ ಬಂದಾಗ ಅದೇ ಹೊಳೆ. 2009ರ ನಂತರ 'ಆಸರೆ' ಯೋಜನೆಯಲ್ಲಿ ದಂಡೆಯಿಂದ ದೂರ, ಎತ್ತರದಲ್ಲಿ ಮನೆಗಳು ಎದ್ದವು. ದಂಡೆಯ ಎಷ್ಟೋ ಊರುಗಳಿಗೆ ಹಳೆಯ ಊರು, ಹೊಸ ಊರು ಎಂಬ ಎರಡು ಬದುಕುಗಳಾದವು. ಧಾನ್ಯದ ಚೀಲ, ದನಕರು, ಮದುವೆಯ ಫೋಟೋ ಕಳೆದುಕೊಂಡವರಿಗೆ ಬೇಸಿಗೆಯ ಒಣಪಾತ್ರ ಹೇಗೆ ಕಂಡೀತು? ನಿದ್ದೆ ಹೋದ ಪ್ರಾಣಿಯಂತೆಯೇ? ಆದರೂ ಅವರು ಹೊಳೆಯನ್ನು ಗಂಗವ್ವ ಎಂದೇ ಕರೆಯುತ್ತಾರೆ, ಉಡಿ ತುಂಬುತ್ತಾರೆ. ಕೊಡುವುದೂ ಕಸಿಯುವುದೂ ಒಂದೇ ಕೈ ಎಂದು ಗೊತ್ತಿದ್ದೂ ಕೈಮುಗಿಯುವುದರಲ್ಲಿ ಹೆದರಿಕೆಯಷ್ಟೇ ಇದೆ ಎಂದು ನಮಗೆ ಅನ್ನಿಸುವುದಿಲ್ಲ. ಅದರಲ್ಲಿ ಒಂದು ಬಗೆಯ ದೊಡ್ಡತನವೂ ಇದೆ, ಹಳೆಯ ಸಂಬಂಧಗಳಲ್ಲಿ ಮಾತ್ರ ಕಾಣುವಂಥದು.

ಬೇಸಿಗೆಯಲ್ಲಿ ನಡೆಯುವುದನ್ನು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಪೇಟೆಯ 'ವಾಕಿಂಗ್' ಬರುವ ಎಷ್ಟೋ ಮೊದಲಿನಿಂದ, ಫಾಲ್ಗುಣದ ಬಿಸಿಲಿನಲ್ಲಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗಗಳ ಹಳ್ಳಿಹಳ್ಳಿಗಳಿಂದ ಜನ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಮಲ್ಲಯ್ಯನ ಕಂಬಿ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು, ಹೊಳೆಗಳನ್ನು ದಾಟಿ, ನಲ್ಲಮಲೆಯ ಕಾಡು ಹತ್ತಿ ಯುಗಾದಿಯ ಹೊತ್ತಿಗೆ ಗುಡಿ ಮುಟ್ಟುತ್ತಾರೆ. ಬಸ್ಸು ಇಲ್ಲವೇ? ಧಾರಾಳವಾಗಿದೆ. ವರ್ಷದ ತಂಪಾದ ದಿನಗಳನ್ನು ಬಿಟ್ಟು ಈ ದಿನಗಳನ್ನೇ ಏಕೆ? ಹಿಂಗಾರಿಯ ರಾಶಿ ಮುಗಿದಿರುತ್ತದೆ, ಕೈ ಬಿಡುವಾಗಿರುತ್ತದೆ ಎಂಬುದು ಲೋಕದ ಉತ್ತರ. ಇನ್ನೊಂದು ಉತ್ತರ ದಾರಿಯಲ್ಲಿದೆ. ಆ ದಾರಿಯುದ್ದಕ್ಕೂ ಗುರುತು ಪರಿಚಯವಿಲ್ಲದವರು ಚಪ್ಪರ ಹಾಕಿ ಮಜ್ಜಿಗೆ, ಅಂಬಲಿ, ಕಲ್ಲಂಗಡಿ ಹೋಳು ಹಿಡಿದು ನಿಂತಿರುತ್ತಾರೆ. ಬೊಕ್ಕೆ ಎದ್ದ ಪಾದಗಳಿಗೆ ಎಣ್ಣೆ ತಿಕ್ಕಲು ಕೂಡುತ್ತಾರೆ. ನಮ್ಮ ಶಾಸನಗಳಲ್ಲಿ ಅರವಟಿಗೆಗೆ ಭೂಮಿ ಬಿಟ್ಟ ದಾನಗಳ ಮಾತು ಬರುತ್ತದೆ. ಆ ದಾನ ಇಂದಿಗೂ ನಿಂತಿಲ್ಲ ಎನ್ನಬೇಕು. ಬಿಸಿಲು ಇಲ್ಲದಿದ್ದರೆ ಒಂದು ಲೋಟ ಮಜ್ಜಿಗೆಗೆ ಅಷ್ಟು ಬೆಲೆ ಎಲ್ಲಿಂದ ಬಂದೀತು? ಕೊಡುವವನಿಗೂ ಕುಡಿಯುವವನಿಗೂ ನಡುವೆ ಒಂದು ಋತುವೇ ನಿಂತು ಪರಿಚಯ ಮಾಡಿಸುತ್ತದೆ.

ಈ ದಾರಿಯ ಬಹು ಹಿಂದಿನ ನಡಿಗೆಗಾರ್ತಿ ಅಕ್ಕಮಹಾದೇವಿ. ಅವಳು ಕಲ್ಯಾಣದಿಂದ ಶ್ರೀಶೈಲದ ಕಡೆ ನಡೆದದ್ದು ಒಂಟಿಯಾಗಿ, ಗಿಡ, ಹಕ್ಕಿ, ದುಂಬಿಗಳನ್ನು ಮಾತಾಡಿಸುತ್ತ. ಕೂಡಲಸಂಗಮದ ಬಸವಣ್ಣನವರು ಸ್ಥಾವರ-ಜಂಗಮಗಳ ಭೇದವನ್ನು ಎತ್ತಿ ಹಿಡಿದದ್ದು ನಮಗೆಲ್ಲ ಬಾಯಿಪಾಠವೇ ಆಗಿದೆ. ಆದರೆ ಬಾಯಿಪಾಠವಾದ ಮಾತು ಕಾಲಿಗೆ ಇಳಿಯುವುದು ಕಷ್ಟ. ಹೊಳೆಮಣ್ಣೂರಿನ ಮುಂದೆ ಹರಿದ ನೀರೇ ಸಂಗಮಕ್ಕೆ ಹೋಗುತ್ತದೆ. ನಾವು ಮಾತ್ರ ಕುಳಿತಲ್ಲಿಯೇ ಕುಳಿತಿರುತ್ತೇವೆ, ಫ್ಯಾನಿನ ಕೆಳಗೆ, ಕರೆಂಟು ಹೋದರೆ ಬೈಯುತ್ತ.

ಇನ್ನೊಬ್ಬ ನಡಿಗೆಗಾರ ಕುರಿಗಾಹಿ. ರಾಶಿಯಾದ ಮೇಲೆ ಹೊಲದೊಡೆಯರು ಕುರಿಹಟ್ಟಿ ಹಾಕಿಸುತ್ತಾರೆ. ಹಿಂಡು ರಾತ್ರಿ ಹೊಲದಲ್ಲಿ ಮಲಗಿದರೆ ಹೊಲಕ್ಕೆ ಗೊಬ್ಬರ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಹಿಂದೆ ಕುದುರೆಯ ಮೇಲೆ ಅಡುಗೆಯ ಸಾಮಾನು, ಅದರ ಮೇಲೊಂದು ಮರಿ, ಇನ್ನೊಂದು ಕೂಸು. ಈ ನೆಲವನ್ನು ಅವನಷ್ಟು ಓದಿದವರು ಯಾರಿದ್ದಾರೆ? ಎಕ್ಕೆಯ ಹೂ, ಬನ್ನಿಯ ಕಾಯಿ, ಯಾವ ಹಳ್ಳದ ತಿರುವಿನಲ್ಲಿ ಮೇ ತಿಂಗಳಲ್ಲೂ ನೀರು ಜಿನುಗುತ್ತದೆ ಎಂಬ ಗುಟ್ಟು, ಎಲ್ಲ ಅವನ ಬಳಿ ಇದೆ. ಗಜೇಂದ್ರಗಡದ ಕಾಲಕಾಲೇಶ್ವರದಲ್ಲಿ ಬಂಡೆಯ ಸಂದಿನಿಂದ ಇಳಿಯುವ ಅಂತರಗಂಗೆ ಎಲ್ಲ ಭಕ್ತರಿಗೂ ಗೊತ್ತು. ಹೆಸರಿಲ್ಲದ, ಗುಡಿಯಿಲ್ಲದ ಅಂತರಗಂಗೆಗಳು ಅವನಿಗೆ ಮಾತ್ರ ಗೊತ್ತು. ಸ್ಫೂರ್ತಿಗಾಗಿ ನಡೆಯುತ್ತೇವೆ ಎಂದು ಹೇಳಿಕೊಳ್ಳುವ ನಾವು ಒಂದು ಬೆಳಗಾದರೂ ಅವನ ಹಿಂದೆ ಬಾಯಿ ಮುಚ್ಚಿಕೊಂಡು ನಡೆದರೆ ಸಾಕಾಗಬಹುದು.

ಇವರೆಲ್ಲರ ಕಣ್ಣು ಆಗಾಗ ಆಕಾಶಕ್ಕೆ ಹೋಗುತ್ತಿರುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಮಳೆಗಳ ಲೆಕ್ಕ ಏಪ್ರಿಲ್ ನಡುವಿನಿಂದಲೇ ಶುರು. ಒಂದು ಸಂಜೆ ಮೂಡಣದಲ್ಲಿ ಮೋಡ ಕಟ್ಟಿ, ದೂಳು ಎದ್ದು, ನಾಲ್ಕು ಹನಿ ಅಡ್ಡಮಳೆ, ಅದೃಷ್ಟವಿದ್ದರೆ ಆಣೆಕಲ್ಲು. ಆಗ ಏಳುವ ಮಣ್ಣಿನ ವಾಸನೆಗೆ ಸೋಲದವರಿಲ್ಲ. ಆ ಪರಿಮಳವನ್ನು ಮಳೆ ತರುತ್ತದೆ ಎಂದು ನಾವು ತಿಳಿಯುತ್ತೇವೆ. 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ಇದರ ಮೂಲವನ್ನು ಹುಡುಕಿ ಹೇಳಿದ್ದು ಬೇರೆ: ಒಣಗಾಲದಲ್ಲಿ ಗಿಡಗಳು ಹೊರಬಿಡುವ ಎಣ್ಣೆಯಂಶವನ್ನು ಜೇಡಿ, ಕಲ್ಲು ಹೀರಿ ಇಟ್ಟುಕೊಂಡಿರುತ್ತವೆ, ಹನಿ ಬಿದ್ದಾಗ ಅದು ಹೊರಬರುತ್ತದೆ. ಉತ್ತರದ ಕನೌಜಿನ ಅತ್ತರಿನವರು ಸುಟ್ಟ ಮಣ್ಣನ್ನು ಬಟ್ಟಿಯಿಳಿಸಿ ಇದೇ ವಾಸನೆಯನ್ನು ಸೀಸೆಯಲ್ಲಿ ಹಿಡಿದವರು; ಅವರಿಗೆ ಇದು ಮೊದಲೇ ಗೊತ್ತಿತ್ತೆನ್ನಬೇಕು. ಹಾಗಾದರೆ ಮೊದಲ ಮಳೆಯ ಪರಿಮಳ ಮಳೆಯದೋ, ಬೇಸಿಗೆಯದೋ? ಬಿಸಿಲು ದಿನದಿನವೂ ಕೂಡಿಟ್ಟದ್ದನ್ನು ಮಳೆ ಒಂದು ಗಳಿಗೆಯಲ್ಲಿ ಹಂಚಿ ಹೆಸರು ತಾನು ಪಡೆಯುತ್ತದೆ. ಮನೆಗಳಲ್ಲೂ ಹೀಗಾಗುವುದುಂಟು. ಅದನ್ನು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ನಡೆಯುವವರು ತಡ ಮಾಡದಿರುವುದು ಒಳ್ಳೆಯದು. ಬೆಳಿಗ್ಗೆ ಏಳರೊಳಗೆ ಹೊರಟರೆ ಸಾಕು. ತಲೆಗೊಂದು ಟವೆಲು, ಕೈಯಲ್ಲಿ ನೀರು, ಜೊತೆಗೆ ರಜೆಯಲ್ಲಿ ಮನೆಗೆ ಬಂದ ಮೊಮ್ಮಕ್ಕಳಿದ್ದರೆ ಇನ್ನೂ ವಾಸಿ. ಮೊಬೈಲಿನಿಂದ ಕಣ್ಣೆತ್ತಲು ಅವರು ಮೊದಲು ಗೊಣಗುತ್ತಾರೆ, ಒಂದು ಬಿರುಕಿನೊಳಗೆ ಕಲ್ಲು ಹಾಕಿ ಅದು ಎಲ್ಲಿಯವರೆಗೆ ಹೋಯಿತೆಂದು ನೋಡತೊಡಗಿದ ಮೇಲೆ ಅವರನ್ನು ಮನೆಗೆ ಕರೆತರುವುದೇ ಕಷ್ಟ. ರೋಹಿಣಿ, ಮೃಗಶಿರಾ ಮಳೆಗಳು ಸರಿಯಾಗಿ ಹಿಡಿದುಕೊಂಡವೆಂದರೆ ಎರೆಯಲ್ಲಿ ಕಾಲಿಡಲು ಆಗುವುದಿಲ್ಲ. ಒಂದೊಂದು ಹೆಜ್ಜೆಗೂ ಒಂದೊಂದು ಸೇರು ಮಣ್ಣು ಅಂಟಿ, ಚಪ್ಪಲಿ ಕೈಗೆ ಬಂದು, ಎತ್ತಿನ ಗಾಡಿಯೂ ಗಾಲಿ ಹುಗಿದು ನಿಲ್ಲುತ್ತದೆ. ಹಸಿರು ಬಂದಾಗ ಈ ನೆಲ ನೋಡಲು ಬಿಡುತ್ತದೆ, ನಡೆಯಲು ಬಿಡುವುದಿಲ್ಲ. ಅದು ನಮ್ಮನ್ನು ಮೈಮೇಲೆ ಅಡ್ಡಾಡಲು ಬಿಡುವುದು ಬರಿದಾಗಿರುವ ಈ ಎರಡು ತಿಂಗಳು ಮಾತ್ರ.